ಔಷಧದಾನವೂ ವಿವೇಕವಿಲ್ಲದ ಸೂಜಿಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನ ಸಮಾಜವು ಸಲ್ಲಿಸುತ್ತ ಬಂದಿರುವ ಗೌರವ ದೊಡ್ಡದು. ರೋಗಪೀಡಿತ ಪಶುಗಳಿಗಾಗಿ ಪಿಂಜರಾಪೋಳಗಳನ್ನು ಕಟ್ಟಿ ನಡೆಸಿದ ಸಮಾಜವಿದು. ಆದರೆ ದಾನದ ಹಿರಿಮೆ ವೆಚ್ಚದ ಮೊತ್ತದಿಂದ ನಿರ್ಣಯವಾಗುವುದಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದಲೇ ದಾನಕ್ಕೆ ವಿಶೇಷವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಗೋಶಾಲೆಗಳಲ್ಲಿ ಈ ವಿಧಿವಿವೇಕವು ಮರೆತುಹೋಗುವ ಅಪಾಯ ಅತಿ ಹೆಚ್ಚಾಗಿರುವುದು ಸ್ಟಿರಾಯ್ಡ್ ಸೂಜಿಮದ್ದಿನ ವಿಷಯದಲ್ಲಿ.

ಮೂತ್ರಪಿಂಡದ ಸಮೀಪದಲ್ಲಿರುವ ಅಡ್ರಿನಲ್ ಗ್ರಂಥಿಯ ಹೊರಪದರವು ಕಾರ್ಟಿಸೋಲ್ ಎಂಬ ರಸವನ್ನು ಸ್ರವಿಸುತ್ತದೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಮೊದಲಾದವು ಅದನ್ನೇ ಹೋಲುವ, ಅದಕ್ಕಿಂತ ಪ್ರಬಲವಾದ ಔಷಧಗಳು. ಇವು ಜೀವಕೋಶವನ್ನು ಹೊಕ್ಕು, ಊತವನ್ನೂ ನೋವನ್ನೂ ಉಂಟುಮಾಡುವ ದ್ರವ್ಯಗಳ ಉತ್ಪತ್ತಿಯನ್ನು ತಡೆಯುತ್ತವೆ. ರೋಗನಿರೋಧಕ ಕಣಗಳ ಚಟುವಟಿಕೆಯನ್ನು ಕುಗ್ಗಿಸುತ್ತವೆ. ಜ್ವರ ಇಳಿಯುತ್ತದೆ, ಮಲಗಿದ್ದ ಹಸು ಮೇವಿಗೆ ಬಾಯಿ ಹಾಕುತ್ತದೆ, ನೋಡಿದವರು ಪವಾಡವೆನ್ನುತ್ತಾರೆ. ಆದರೆ ಸ್ಟಿರಾಯ್ಡು ಒಂದೇ ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ. ಶ್ವಾಸಕೋಶದಲ್ಲಿ ಸೋಂಕಿದ್ದರೆ ಅದು ಮರೆಯಲ್ಲಿ ಬೆಳೆಯುತ್ತದೆ. ಎಚ್ಚರಿಸಬೇಕಾಗಿದ್ದ ಜ್ವರ ಮಾತ್ರ ಮೌನವಾಗುತ್ತದೆ.

ಔಷಧವನ್ನೇ ದೂಷಿಸುವುದು ಅನ್ಯಾಯ. ತೀವ್ರವಾದ ಅಲರ್ಜಿಯಲ್ಲಿ, ದೇಹವು ತನ್ನ ರಕ್ತಕಣಗಳನ್ನು ತಾನೇ ನಾಶಮಾಡಿಕೊಳ್ಳುವ ರೋಗದಲ್ಲಿ ಇದು ಪ್ರಾಣರಕ್ಷಕ. ಕರು ಹಾಕಿದ ಬಳಿಕ ಕೀಟೋಸಿಸ್‌ನಿಂದ ಬಳಲುವ ಹಸುವಿನ ರಕ್ತದಲ್ಲಿ ಸಕ್ಕರೆಯ ಅಂಶವನ್ನು ಏರಿಸಲೂ ವೈದ್ಯರು ಇದನ್ನು ಬಳಸುತ್ತಾರೆ. ಅಡ್ರಿನಲ್ ಗ್ರಂಥಿಯೇ ಸೋತ ನಾಯಿಗೆ ಜೀವನಪರ್ಯಂತ ಇದು ಅಗತ್ಯ.

ಅದೇ ಡೆಕ್ಸಾಮೆಥಾಸೋನನ್ನು ತುಂಬು ಗರ್ಭದ ಹಸುವಿಗೆ ಚುಚ್ಚಿದರೆ ಅಕಾಲದಲ್ಲಿ ಹೆರಿಗೆಯಾಗಬಹುದು, ಮಾಸು ಬೀಳದೆ ಉಳಿಯಬಹುದು. ಕಣ್ಣಿನ ಕರಿಗುಡ್ಡೆಯ ಹುಣ್ಣಿಗೆ ಸ್ಟಿರಾಯ್ಡ್ ಹನಿ ಹಾಕಿದರೆ ಕಣ್ಣೇ ಹೋಗಬಹುದು. ಡೆಮೋಡೆಕ್ಸ್ ಹುಳುವಿನ ಕಜ್ಜಿ ಹಿಡಿದ ನಾಯಿಗೆ ತುರಿಕೆ ನಿಲ್ಲಲೆಂದು ಇದನ್ನು ಕೊಟ್ಟರೆ ಕಜ್ಜಿ ಮೈತುಂಬ ಹರಡುತ್ತದೆ. ಇತರ ನೋವುನಿವಾರಕಗಳ ಜೊತೆ ಬೆರೆಸಿದರೆ ಜಠರದಲ್ಲಿ ವ್ರಣವಾಗುವ ಭಯವಿದೆ. ದೀರ್ಘಕಾಲ ಹೊರಗಿನಿಂದ ದೊರೆತರೆ ಪ್ರಾಣಿಯ ಸ್ವಂತ ಗ್ರಂಥಿ ಕೆಲಸ ನಿಲ್ಲಿಸಿ ಕುಗ್ಗುತ್ತದೆ. ಆಗ ಮದ್ದನ್ನು ಹಠಾತ್ತನೆ ನಿಲ್ಲಿಸಿದರೆ ಆ ಜೀವ ಕುಸಿದು ಬೀಳಬಹುದು. ವ್ಯಾಪಾರಿಗಳು ಬಲ್ಲಂತೆ, ಸಾಲದ ಹಣದಿಂದ ಅಂಗಡಿ ತುಂಬಿ ಕಾಣಬಹುದು. ಲೆಕ್ಕ ತೀರಿಸುವ ದಿನ ಮಾತ್ರ ತಪ್ಪದು.

ನೋವು ತಕ್ಷಣ ಶಮನವಾಗುವುದಾದರೆ ಅದೇ ದಯೆಯಲ್ಲವೇ ಎಂದು ಕೆಲವರು ಕೇಳಬಹುದು. ಯಾರ ನೋವು? ಪ್ರಾಣಿಯ ನೋವೋ, ಅದನ್ನು ನೋಡಲಾರದ ದಾನಿಯ ನೋವೋ? ರೋಗವನ್ನು ಅರಿಯದೆ ಅದರ ಲಕ್ಷಣವನ್ನಷ್ಟೇ ಅಡಗಿಸುವುದು ನೋಡುವವರ ಕಣ್ಣಿಗೆ ಕೊಡುವ ಚಿಕಿತ್ಸೆ. ಪ್ರಮಾದಯೋಗದಿಂದ ಪ್ರಾಣಕ್ಕಾಗುವ ಘಾತವೇ ಹಿಂಸೆ ಎಂಬ ಲಕ್ಷಣವನ್ನು ಒಪ್ಪಿದವರು, ಸದುದ್ದೇಶವಿದ್ದ ಮಾತ್ರಕ್ಕೆ ಅಜಾಗರೂಕತೆ ಅಹಿಂಸೆಯಾಗುತ್ತದೆಂದು ಹೇಳಲಾರರು.

ಇನ್ನು ಕೆಲವರ ವಿಚಾರಣೆ ಔಷಧದ ಮೂಲದ ಬಳಿ ನಿಂತುಬಿಡುತ್ತದೆ. 1940ರ ದಶಕದಲ್ಲಿ ಕಾರ್ಟಿಸೋನನ್ನು ದನದ ಪಿತ್ತರಸದಿಂದ ತಯಾರಿಸಿದ್ದು ನಿಜ. 1950ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನಂತಹ ಸಸ್ಯಮೂಲಗಳು ಆ ಸ್ಥಾನಕ್ಕೆ ಬಂದವು. ಮೂಲವನ್ನು ಪ್ರಶ್ನಿಸುವುದು ಶ್ರಾವಕನಿಗೆ ಯೋಗ್ಯವೇ. ಆದರೆ ಸೀಸೆಯೊಳಗಿನ ವಸ್ತು ಎಲ್ಲಿಂದ ಬಂತೆಂದು ಕೇಳಿ, ಅದು ಯಾವ ಪಶುವಿನ ಮೈಗೆ, ಏತಕ್ಕಾಗಿ ಹೋಗುತ್ತಿದೆಯೆಂದು ಕೇಳದಿರುವುದು ಅರ್ಧ ಅಹಿಂಸೆ.

ಆದುದರಿಂದ ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳ ಕರ್ತವ್ಯ ಸ್ಪಷ್ಟವಾಗಿದೆ. ನೋಂದಾಯಿತ ಪಶುವೈದ್ಯರು ಪರೀಕ್ಷಿಸಿ ಬರೆದುಕೊಡದೆ ಸ್ಟಿರಾಯ್ಡನ್ನು ಕೊಳ್ಳಬಾರದು, ಚುಚ್ಚಬಾರದು. ಸೂಜಿ ಹಾಕಬಲ್ಲ ಕೆಲಸಗಾರ ಅದರಿಂದಲೇ ವೈದ್ಯನಾಗುವುದಿಲ್ಲ. ಯಾವ ಪಶುವಿಗೆ, ಯಾವ ರೋಗಕ್ಕೆ, ಎಷ್ಟು ಪ್ರಮಾಣ, ಎಷ್ಟು ದಿನ, ಅದು ಗರ್ಭಿಣಿಯೇ ಎಂಬುದೆಲ್ಲವೂ ಪುಸ್ತಕದಲ್ಲಿ ದಾಖಲಾಗಬೇಕು. ಬಸದಿಯ ಹುಂಡಿಯ ಕಾಸಿಗೂ ಲೆಕ್ಕವಿಡುವ ಆಡಳಿತ ಮಂಡಳಿಗೆ ಇದು ಅಸಾಧ್ಯವಲ್ಲ. ದಾನಿಗಳೂ ಔಷಧದ ಪೆಟ್ಟಿಗೆಗಳನ್ನು ಕಳುಹಿಸುವುದಕ್ಕಿಂತ ವೈದ್ಯರ ವೇತನಕ್ಕೆ ನೆರವಾಗುವುದು ಲೇಸು.

ಮೂಕಪ್ರಾಣಿಯು ತನಗೆ ಸಂದ ದಾನವನ್ನು ನಿರಾಕರಿಸಲಾರದು, ಅದರ ದೋಷವನ್ನು ಹೇಳಲಾರದು. ಅದು ಕೇಳಲಾಗದ ಪ್ರಶ್ನೆಗಳನ್ನು ಅದರ ಪರವಾಗಿ ಕೇಳಬೇಕಾದವನು ದಾನ ಕೊಡುವವನೇ.