ಸಿಸಿ ಕಡಿಮೆ ಎಂದರೆ ಸಣ್ಣ ಬೈಕ್ ಅಲ್ಲ

ಕಗ್ಗದಾಸಪುರದಲ್ಲಿರುವ ನಮ್ಮವರ ಒಂದು ಮನೆ. ಬಾಪ ಗಲ್ಫ್‌ನಲ್ಲಿ, ತೀರ್ಮಾನವೆಲ್ಲ ಉಮ್ಮನದೇ. ಮಗ ಪಿಯುಸಿ ಮುಗಿಸಿದ್ದಾನೆ. ಮೊನ್ನೆ ಕೇಳಿದರು: "ಉಸ್ತಾದರೇ, ಬುಲೆಟ್ ಬೇಡ ಅಂದೆ. ಇನ್ನೂರರ ಡ್ಯೂಕ್ ಸಾಕಂತೆ. ಮುನ್ನೂರೈವತ್ತಕ್ಕಿಂತ ಸಣ್ಣದಲ್ವಾ?"

ಸಣ್ಣದಲ್ಲ. ಸಿಸಿ ಎಂದರೆ ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಜಾಗದ ಅಳತೆ, ವೇಗದ್ದಲ್ಲ. 349 ಸಿಸಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಕೊಡುವುದು ಸುಮಾರು 20 ಅಶ್ವಶಕ್ತಿ, ತೂಕ 195 ಕಿಲೋ. 200ರ ಡ್ಯೂಕ್ ಸುಮಾರು 25 ಕೊಡುತ್ತದೆ, ಹಗುರವೂ ಹೌದು. ಅದರ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿ ಆ ಶಕ್ತಿ ತೆಗೆಯುತ್ತದೆ, ಕ್ಲಾಸಿಕ್‌ನದ್ದು ಆರು ಸಾವಿರದ ಆಸುಪಾಸಿನಲ್ಲೇ ಮುಗಿಯಿತು. ನಮ್ಮ ಸ್ಪ್ಲೆಂಡರ್‌ಗೆ ಇರುವುದೇ 8. ರೈಲ್ವೆ ಗೇಟಿನ ಮುಂದೆ ಮೂರೂ ಒಟ್ಟಿಗೇ ನಿಂತಿರುತ್ತವೆ. ಗೇಟು ಎದ್ದ ಕೂಡಲೇ ಯಾರ ಕೈ ತಡೆಯುವುದಿಲ್ಲ ಎಂದು ನೋಡಿದವರಿಗೆ ಗೊತ್ತು. ಶೋರೂಮ್‌ಗೆ ಹೋದರೆ ಸಿಸಿ ಜೊತೆ ಅಶ್ವಶಕ್ತಿ ಎಷ್ಟು, ತೂಕ ಎಷ್ಟು ಎಂದೂ ಕೇಳಿ.

ಹದಿನಾರು, ಹದಿನೇಳರ ಮಕ್ಕಳ ಮಾತೇ ಬೇರೆ. ಅವರಿಗೆ ಕಾನೂನು ಬಿಟ್ಟಿರುವುದು 50 ಸಿಸಿವರೆಗೆ, ಅದೂ ಲೈಸೆನ್ಸ್ ಇದ್ದರೆ. ಆಕ್ಟಿವಾ ಕೂಡ 110ರ ಗಾಡಿ. "ಟ್ಯೂಷನ್‌ಗೆ ತಾನೇ" ಎಂದು ಕೀ ಕೊಟ್ಟರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆ ಉಮ್ಮನಿಗೆ ಹೇಳಿದೆ: ಸದ್ಯಕ್ಕೆ 125ರದ್ದು ಸಾಕು, ಉಳಿದ ದುಡ್ಡಲ್ಲಿ ಐಎಸ್‌ಐ ಹೆಲ್ಮೆಟ್ ಎರಡು ತನ್ನಿ, ಹಿಂದೆ ಕೂರುವವರಿಗೂ ಬೇಕು. ಹುಡುಗ ಈಗ ನನಗೆ ಸಲಾಂ ಹೇಳುವಾಗ ಮುಖ ಆ ಕಡೆ ಮಾಡ್ತಾನೆ.