ಹೆಸರು ಒಂದು, ವಸ್ತು ಎರಡು

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ‘ಜನರೇಟರ್’ ಎಂದರೆ ಯಾರಿಗೂ ಗೊಂದಲವಿಲ್ಲ. ಕರೆಂಟು ಕೈಕೊಟ್ಟಾಗ ಮದುವೆ ಚಪ್ಪರಕ್ಕೆ ಬೆಳಕು ಕೊಡುವ ಡೀಸೆಲ್ ಯಂತ್ರ ಅದು. ‘ಯೀಲ್ಡ್’ ಎಂದರೆ ಇಳುವರಿ: ಎಕರೆಗೆ ಎಷ್ಟು ಕ್ವಿಂಟಲ್ ಮೆಕ್ಕೆಜೋಳ ಬಂತು ಎಂಬ ಲೆಕ್ಕ. ಅದೇ ಊರಿನ ವಿದ್ಯಾರ್ಥಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕುಳಿತರೆ ಈ ಎರಡೂ ಪದಗಳು ವೇಷ ಬದಲಿಸಿಕೊಂಡು ಎದುರಾಗುತ್ತವೆ.

ಸಂಗತಿ ಸರಳವಾದದ್ದೇ. ಅಂಕಿಗಳನ್ನೆಲ್ಲ ಒಮ್ಮೆಗೇ ರಾಶಿ ಹಾಕದೆ, ಕೇಳಿದಾಗೆಲ್ಲ ಒಂದೊಂದನ್ನೇ ಕೊಡುವ ಏರ್ಪಾಡು ಇದು. ಫಂಕ್ಷನ್ನಿನ ಒಳಗೆ ಎಲ್ಲಾದರೂ ‘ಯೀಲ್ಡ್’ ಎಂದು ಬರೆದರೆ ಸಾಕು, ಅದರ ಸ್ವಭಾವವೇ ಬದಲಾಗುತ್ತದೆ. ಕರೆದೊಡನೆ ಅದು ಕೆಲಸ ಶುರು ಮಾಡುವುದಿಲ್ಲ. ಬದಲಿಗೆ ‘ಇಟರೇಟರ್’ ಒಂದನ್ನು ಕೈಗಿಡುತ್ತದೆ. ಅಂಕಿಗಳು ಬರುವುದು ಈ ಇಟರೇಟರ್ ಮೂಲಕ.

ಹಾಗಾದರೆ ಜನರೇಟರ್ ಯಾವುದು? ಫಂಕ್ಷನ್ನೋ, ಅದು ಕೊಟ್ಟ ಇಟರೇಟರೋ? ಪೈಥಾನ್‌ನ ಅಧಿಕೃತ ಪದಕೋಶದ ಪ್ರಕಾರ ಸಾಮಾನ್ಯವಾಗಿ ಫಂಕ್ಷನ್, ಕೆಲವೊಮ್ಮೆ ಇಟರೇಟರ್. ಆದರೆ ಭಾಷೆಯನ್ನೇ ಕೇಳಿದರೆ ಉತ್ತರ ಬೇರೆ: ಫಂಕ್ಷನ್ನನ್ನು ಅದು ಬರೀ ಫಂಕ್ಷನ್ ಎನ್ನುತ್ತದೆ, ಇಟರೇಟರನ್ನು ಜನರೇಟರ್ ಎನ್ನುತ್ತದೆ!

ಈ ಗೊಂದಲಕ್ಕೆ ಇತಿಹಾಸವೂ ಉಂಟು. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ರೂಪಿಸಿದ ‘ಕ್ಲೂ’ ಭಾಷೆಯಲ್ಲಿ ‘ಯೀಲ್ಡ್’ ಬಳಸುವ ಇಂಥದೇ ರಚನೆಗೆ ಇಟರೇಟರ್ ಎಂದೇ ಹೆಸರಿತ್ತು. ಅದೇ ದಶಕದ ‘ಐಕಾನ್’ ಭಾಷೆ ಜನರೇಟರ್ ಎಂಬ ಹೆಸರನ್ನು ಬಳಸಿತು. 2001ರ ಡಿಸೆಂಬರಿನಲ್ಲಿ ಬಂದ ಪೈಥಾನ್ 2.2 ಎರಡು ಹೆಸರುಗಳನ್ನೂ ಒಟ್ಟಿಗೆ ಇಟ್ಟುಕೊಂಡಿತು.

ಬಿತ್ತುವ ಸಾಧನಕ್ಕೂ, ಅದರಿಂದ ಬಿತ್ತುವ ನೆಲದ ಅಳತೆಗೂ ನಮ್ಮಲ್ಲಿ ಕೆಲವೆಡೆ ಕೂರಿಗೆ ಎಂಬ ಒಂದೇ ಹೆಸರಿದೆ. ಎತ್ತಿಗೆ ಹೂಡುವುದು ಯಾವುದು, ಮಾರುವುದು ಯಾವುದು ಎಂದು ರೈತ ಎಂದೂ ತಬ್ಬಿಬ್ಬಾಗುವುದಿಲ್ಲ. ಕಂಪ್ಯೂಟರಿನ ಮುಂದೆ ಮಾತ್ರ ಆ ಭರವಸೆ ಇಲ್ಲ. ಏಕೆಂದರೆ ಫಂಕ್ಷನ್ನನ್ನು ಎಷ್ಟು ಸಲ ಬೇಕಾದರೂ ಕರೆಯಬಹುದು. ಅದು ಕೊಟ್ಟ ಇಟರೇಟರ್ ಒಂದು ಸುತ್ತಿಗೇ ಬರಿದಾಗುತ್ತದೆ.

ಐದು ದಿನದ ಮಳೆಯ ಅಂಕಿಗಳು 4, 0, 12, 6, 8 ಮಿಲಿಮೀಟರ್ ಎಂದುಕೊಳ್ಳಿ. ಇಟರೇಟರ್ ಹಿಡಿದು ಮೊದಲು ದಿನಗಳನ್ನು ಎಣಿಸಿದರೆ ಉತ್ತರ 5. ಅದನ್ನೇ ಹಿಡಿದು ಒಟ್ಟು ಮಳೆ ಕೇಳಿದರೆ 30 ಅಲ್ಲ, 0! ತಪ್ಪಾಗಿದೆ ಎಂಬ ಸೂಚನೆಯೂ ಬರುವುದಿಲ್ಲ. ಬರಪೀಡಿತ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ಜಗಳೂರಿನ ಮಟ್ಟಿಗೆ ಸೊನ್ನೆ ಮಳೆ ನಂಬಬಹುದಾದ ಉತ್ತರವೇ. ಹಾಗಾಗಿ ಯಾರಿಗೂ ಅನುಮಾನ ಬಾರದು.

ಪರಿಹಾರ ಕಷ್ಟದ್ದಲ್ಲ. ಎರಡನೆಯ ಲೆಕ್ಕಕ್ಕೆ ಫಂಕ್ಷನ್ನನ್ನು ಮತ್ತೆ ಕರೆಯಬೇಕು, ಇಲ್ಲವೇ ಅಂಕಿಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬೇಕು. ಕಲಿಸುವವರು ‘ಜನರೇಟರ್ ಫಂಕ್ಷನ್’, ‘ಜನರೇಟರ್ ಇಟರೇಟರ್’ ಎಂದು ಪೂರ್ತಿ ಹೆಸರು ಹಿಡಿದು ಹೇಳಿದರೆ, ಕಲಿಯುವವರ ಅರ್ಧ ತೊಡಕು ಅಲ್ಲಿಗೇ ಬಿಡಿಸಿದಂತೆ.