ರಾಜ್ಯಪಾಲರ ವರದಿ ಮತ್ತು ಎರಡು ತಿಂಗಳ ಗಡುವು

1989ರ ಏಪ್ರಿಲ್ 20ರಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಮುಂದಿಟ್ಟ ಕೋರಿಕೆ ಅಸಾಮಾನ್ಯವಾದುದೇನೂ ಆಗಿರಲಿಲ್ಲ. ವಿಧಾನಸಭೆಯ ಅಧಿವೇಶನ ಒಂದು ವಾರದಲ್ಲಿ ಸೇರಲಿತ್ತು; ಅಗತ್ಯವಿದ್ದರೆ ಅದಕ್ಕೂ ಮೊದಲೇ ಕರೆದು ಬಹುಮತ ಸಾಬೀತುಪಡಿಸಲು ತಾವು ಸಿದ್ಧ ಎಂದು ಅವರು ತಿಳಿಸಿದ್ದರು. ಬೆಂಬಲ ಹಿಂತೆಗೆದುಕೊಂಡರೆನ್ನಲಾದ 19 ಶಾಸಕರ ಪೈಕಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ಮಾಹಿತಿ ನೀಡಿ ಪಡೆಯಲಾಗಿದೆ ಎಂದು ಅದೇ ದಿನ ಪತ್ರ ಬರೆದಿದ್ದರು. ರಾಜ್ಯಪಾಲರು ಸದನಕ್ಕಾಗಿ ಕಾಯಲಿಲ್ಲ. ಅವರ ವರದಿಯನ್ನಾಧರಿಸಿ ಮರುದಿನವೇ 356ನೇ ವಿಧಿಯನ್ವಯ ಸರ್ಕಾರವನ್ನು ವಜಾ ಮಾಡಲಾಯಿತು.

ಬಹುಮತದ ನಿರ್ಣಯ ಆಗಬೇಕಾದುದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಸಂಸತ್ತು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸಲಾಗದೆಂಬ ಮಿತಿಯನ್ನೂ ಆ ತೀರ್ಪು ಹಾಕಿತು. ಆದರೆ ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. 1989ರ ಚುನಾವಣೆಯೂ ಮುಗಿದು ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ಗೆದ್ದ ಬೊಮ್ಮಾಯಿಯವರಿಗೆ ದಕ್ಕಿದ್ದು ಕಾನೂನು ಗ್ರಂಥಗಳಲ್ಲಿ ಹೆಸರು ಮಾತ್ರ.

ನ್ಯಾಯಾಲಯ ಸಕಾಲಕ್ಕೆ ಬಾರದೆಡೆ ಶಾಸಕಾಂಗ ಬರಬೇಕು. ಬಂದ ನಿದರ್ಶನವೂ ಇದೆ. 1999ರ ಫೆಬ್ರುವರಿಯಲ್ಲಿ ಬಿಹಾರದ ರಾಬ್ಡಿದೇವಿ ಸರ್ಕಾರವನ್ನು ವಜಾ ಮಾಡಿದ ವಾಜಪೇಯಿ ಸರ್ಕಾರಕ್ಕೆ ಲೋಕಸಭೆಯ ಒಪ್ಪಿಗೆ ಸಿಕ್ಕಿತು. ರಾಜ್ಯಸಭೆಯಲ್ಲಿ ಬಹುಮತವಿರಲಿಲ್ಲ. ಮಾರ್ಚ್ 8ರಂದು ಕೇಂದ್ರ ತನ್ನ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು; ರಾಬ್ಡಿದೇವಿ ಮರಳಿ ಮುಖ್ಯಮಂತ್ರಿಯಾದರು. ಆ ಸರ್ಕಾರದ ಆಡಳಿತ ವೈಖರಿಯ ಬಗ್ಗೆ ನನಗೆ ಯಾವ ಮೆಚ್ಚುಗೆಯೂ ಇಲ್ಲ. ಆದರೆ ಅದನ್ನು ಇಳಿಸುವ ಹಕ್ಕು ಬಿಹಾರದ ಮತದಾರನದು, ರಾಜ್ಯಪಾಲರದಲ್ಲ.

ಇದೇ ಸಂಸತ್ತು ಮಣಿಪುರದ ವಿಷಯದಲ್ಲಿ ನಡೆದುಕೊಂಡ ಬಗೆಯನ್ನು ನೋಡಿ. 2025ರ ಫೆಬ್ರುವರಿ 13ರಂದು ಅಲ್ಲಿ ರಾಷ್ಟ್ರಪತಿ ಆಡಳಿತ ಜಾರಿಯಾಯಿತು. ಮಾರ್ಚ್ 10ರಿಂದ ಸಂಸತ್ತು ಸಮಾವೇಶಗೊಂಡಿತ್ತು. ನಿರ್ಣಯ ಲೋಕಸಭೆಯ ಮುಂದೆ ಬಂದಿದ್ದು ಮೂರು ವಾರಗಳ ನಂತರ, ಏಪ್ರಿಲ್ 3ರಂದು, ವಕ್ಫ್ ಮಸೂದೆಯ ದೀರ್ಘ ಚರ್ಚೆ ಮುಗಿದ ಮೇಲೆ, ರಾತ್ರಿ ಎರಡು ಗಂಟೆಯ ಸುಮಾರಿಗೆ. ಮರುದಿನ ರಾಜ್ಯಸಭೆಯೂ ಬೆಳಗಿನ ಜಾವದಲ್ಲೇ ಒಪ್ಪಿಗೆ ನೀಡಿತು. ಸುಮಾರು ಎರಡು ವರ್ಷ ಹಿಂಸೆಯಲ್ಲಿ ಬೆಂದ ರಾಜ್ಯಕ್ಕೆ ಸಿಕ್ಕಿದ್ದು ದೇಶ ಮಲಗಿದ್ದ ಹೊತ್ತಿನ ಅರೆಗಳಿಗೆ. ರಾಷ್ಟ್ರಪತಿ ಆಡಳಿತ ಅಲ್ಲಿ ಅನಿವಾರ್ಯವಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಅನಿವಾರ್ಯವಾಗಿತ್ತು ಎನ್ನುವವರಿಗಾದರೂ ಅದನ್ನು ಹಗಲಿನಲ್ಲಿ ಸಮರ್ಥಿಸಿಕೊಳ್ಳಲು ಏನಡ್ಡಿ?

ಇಲ್ಲಿ ಕಾನೂನಿನ ಉಲ್ಲಂಘನೆಯಾಗಲಿಲ್ಲ ಎಂಬುದೇ ಸಮಸ್ಯೆ. ಉದ್ಘೋಷಣೆಗೆ ಉಭಯ ಸದನಗಳ ಅನುಮೋದನೆ ಪಡೆಯಲು ಸಂವಿಧಾನವೇ ಎರಡು ತಿಂಗಳು ನೀಡಿದೆ; ಸಾಮಾನ್ಯ ಬಹುಮತವಿದ್ದರೆ ಸಾಕು. ರಾಷ್ಟ್ರೀಯ ತುರ್ತುಪರಿಸ್ಥಿತಿಗೂ ಮೊದಲು ಎರಡು ತಿಂಗಳ ಅವಧಿಯೇ ಇತ್ತು. 1975ರ ಕಹಿ ಅನುಭವದ ಬಳಿಕ, 1978ರ 44ನೇ ತಿದ್ದುಪಡಿ ಅದನ್ನು ಒಂದು ತಿಂಗಳಿಗಿಳಿಸಿ ವಿಶೇಷ ಬಹುಮತವನ್ನು ಕಡ್ಡಾಯಗೊಳಿಸಿತು. ರಾಜ್ಯಗಳಿಗೆ ಸಂಬಂಧಿಸಿದ ಎರಡು ತಿಂಗಳ ಗಡುವು ಮಾತ್ರ ಹಾಗೆಯೇ ಉಳಿಯಿತು. ಅಂದು ಅಧಿಕಾರದಲ್ಲಿದ್ದ ಜನತಾ ಸರ್ಕಾರ 1977ರಲ್ಲಿ ಒಂಬತ್ತು ರಾಜ್ಯ ಸರ್ಕಾರಗಳನ್ನು ಕಿತ್ತೆಸೆದಿತ್ತು ಎಂಬುದನ್ನು ಮರೆಯಬಾರದು. 1980ರಲ್ಲಿ ಇಂದಿರಾ ಗಾಂಧಿಯವರೂ ಒಂಬತ್ತೇ ಸರ್ಕಾರಗಳನ್ನು ವಜಾ ಮಾಡಿ ಲೆಕ್ಕ ಚುಕ್ತಾ ಮಾಡಿದರು.

ಗಡಿರಾಜ್ಯಗಳಲ್ಲಿ, ಗಲಭೆಯ ನಡುವೆ ತ್ವರಿತ ಕ್ರಮ ಬೇಕಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಹೇರಿಕೆಗೆ ಬೇಕಾದ ವೇಗ ಚರ್ಚೆಗೇಕೆ ಬೇಡ? ಸಂಸತ್ತು ನಡೆಯುತ್ತಿದ್ದರೆ ಹತ್ತು ದಿನಗಳೊಳಗೆ, ಇಲ್ಲದಿದ್ದರೆ ಒಂದು ತಿಂಗಳೊಳಗೆ ನಿರ್ಣಯ ಮತಕ್ಕೆ ಬರುವಂತೆ 356ನೇ ವಿಧಿಯ ಮೂರನೇ ಉಪವಿಧಿಯನ್ನು ತಿದ್ದಬೇಕು. ರಾಜ್ಯಪಾಲರ ವರದಿ ಕಾರಣಸಹಿತವಾಗಿರಬೇಕು, ಪೂರ್ಣಪಾಠ ಪ್ರಕಟವಾಗಬೇಕು ಎಂದು ಸರ್ಕಾರಿಯಾ ಆಯೋಗ 1988ರಲ್ಲೇ ಶಿಫಾರಸು ಮಾಡಿತ್ತು. ಆ ಪಾಠ ನಿರ್ಣಯದೊಂದಿಗೇ ಸದಸ್ಯರ ಕೈಸೇರಬೇಕು. ಬೊಮ್ಮಾಯಿ ಸರ್ಕಾರದ ವಜಾಕ್ಕೂ ಅಂದಿನ ಸಂಸತ್ತು ಅನುಮೋದನೆ ನೀಡಿತ್ತು. ಆ ಏಳು ಶಾಸಕರ ಪತ್ರಗಳನ್ನು ಮುಂದಿಟ್ಟುಕೊಂಡು ಸದಸ್ಯರು ಮತ ಹಾಕಬೇಕಾಗಿ ಬಂದಿದ್ದರೆ ಕನಿಷ್ಠ ಕೆಲವರಾದರೂ ಉತ್ತರ ಹುಡುಕಬೇಕಾಗುತ್ತಿತ್ತು.